ಹೌದು, ತಂದಿಲ್ಲ

೬ ಜನವರಿ ೧೯೫೮, ಸೋಮವಾರ
ನಿಲಂಗಾ

ಉದಗೀರಿನ ಮಾವನವರು ಕೊಟ್ಟ ಈ ಡೈರಿಯ ಮೊದಲ ಹಾಳೆಗಳು ಆಗಲೇ ಖಾಲಿ ಹೋದವು. ಇವತ್ತಿನಿಂದಾದರೂ ಬರೆಯಬೇಕು. ಶಾಲೆಯಲ್ಲಿ ಮರಾಠಿ, ಸಾಹೇಬರು ಬಂದರೆ ಇಂಗ್ಲಿಷ್, ಹಳೆಯ ಗೆಳೆಯರು ಸಿಕ್ಕರೆ ಉರ್ದು. ದಿನವಿಡೀ ನಾಲಿಗೆ ಅಂಗಿ ಬದಲಿಸುತ್ತಲೇ ಇರುತ್ತದೆ. ಇಲ್ಲಿ ಮಾತ್ರ ಮನೆಯ ಕನ್ನಡ ಇರಲಿ. ಸ್ಟಾಫ್‌ರೂಮಿನಲ್ಲಿ ಮರೆತು ಬಂದರೂ ಓದುವವರಿಲ್ಲ ಎಂಬುದು ಇನ್ನೊಂದು ಅನುಕೂಲ.

ಮ್ಯಾಟ್ರಿಕ್ ವರ್ಗಕ್ಕೆ ಇವತ್ತು ಮತ್ತೆ ಹೌದು-ಇಲ್ಲದ ಪಾಠ. ಊಟ ಮಾಡಿಲ್ಲವೇ ಎಂದು ಯಾರಾದರೂ ಕೇಳಿದರೆ ನಾವು ‘ಹೌದು, ಮಾಡಿಲ್ಲ’ ಎನ್ನುತ್ತೇವೆ. ನೀವು ಅಂದದ್ದು ಸರಿ ಎಂದು ಒಪ್ಪಿಕೊಳ್ಳುವುದಕ್ಕೆ ಆ ಹೌದು. ಇಂಗ್ಲಿಷಿನವನಿಗೆ ಕೇಳಿದವನ ಮಾತು ಸರಿಯೋ ತಪ್ಪೋ ಬೇಕಾಗಿಲ್ಲ. ಊಟ ಆಗಿದ್ದರೆ ಯೆಸ್, ಆಗಿರದಿದ್ದರೆ ನೋ, ಪ್ರಶ್ನೆ ಹೇಗೇ ಇರಲಿ. ಇದನ್ನು ಮರಾಠಿಯಲ್ಲಿ ಹೇಳಿದೆ, ಕನ್ನಡದಲ್ಲಿ ಹೇಳಿದೆ, ಹಲಗೆಯ ಮೇಲೆ ಬರೆದೆ. ಆಮೇಲೆ ದಿಗಂಬರನನ್ನು ಎಬ್ಬಿಸಿ, ನೀನು ಮನೆಯ ಅಭ್ಯಾಸ ಮಾಡಿಲ್ಲವೇ ಎಂದು ಇಂಗ್ಲಿಷಿನಲ್ಲಿ ಕೇಳಿದೆ. ‘ಯೆಸ್ ಸರ್’ ಎಂದ. “ಅಂದ್ರ ಮಾಡೀದಿ. ತಾ ಇಲ್ಲಿ, ನೋಡ್ತೀನಿ” ಎಂದೆ. ವರ್ಗವೆಲ್ಲ ನಕ್ಕಿತು, ಅವನೂ ನಕ್ಕ. ಶಾಲೆ ನಡೆಸುವ ಸಂಸ್ಥೆಯ ಅಧ್ಯಕ್ಷರ ಮಗ, ನಗದೆ ಏನು ಮಾಡುತ್ತಾನೆ.

ಬರೆದು ತೋರಿಸಲು ಹೇಳಿದಾಗ ಒಂದೂ ತಪ್ಪಿಲ್ಲದೆ ಬರೆದವಳು ಅನುಸೂಯಾ ಒಬ್ಬಳೇ. ಪೇಟೆಯ ಬಟ್ಟೆ ಅಂಗಡಿಯ ವಿಶ್ವನಾಥಪ್ಪನವರ ಮಗಳು. ಈ ವರ್ಗದವರೆಗೆ ಬಂದ ಹುಡುಗಿ ನಮ್ಮ ಶಾಲೆಯಲ್ಲಿ ಇವಳೇ ಮೊದಲು. ಕೈಯಲ್ಲಿ ಬರೆಯೆಂದರೆ ಮುತ್ತಿನ ಹಾಗೆ ಬರೆಯುತ್ತಾಳೆ, ಬಾಯಿ ಬಿಟ್ಟು ಹೇಳೆಂದರೆ ಸೆರಗಿನೊಳಗೆ ಮಾತು ನುಂಗುತ್ತಾಳೆ. ಆ ಹಾಳೆಯನ್ನು ನಾನು ಎತ್ತಿಟ್ಟುಕೊಂಡಿದ್ದೇನೆ. ಇಂಥದ್ದು ಒಂದು ಸಿಕ್ಕರೆ ವರ್ಷದ ಗಂಟಲು ಹರಕೊಂಡದ್ದು ಸಾರ್ಥಕ ಅನ್ನಿಸುತ್ತದೆ.

ಸಂಜೆ ವಿಶ್ವನಾಥಪ್ಪ ಅಂಗಡಿಯಿಂದಲೇ ಕೂಗಿ ಕರೆದರು. ಚಹಾ ತರಿಸಿ, ಸಣ್ಣ ದನಿಯಲ್ಲಿ ಹೇಳಿದರು: “ಮಾಸ್ತರ್ರೆ, ಉದಗೀರಿನ ಅಡತಿಯವ್ರು ಮತ್ತ ಲಗ್ನದ ಮಾತು ಕಳಸ್ಯಾರ. ನಾ ಖುಲ್ಲಾ ಹೇಳ್ಬಿಡ್ತೀನಿ. ಪೋರಿ ಹೆಸರು ಮ್ಯಾಟ್ರಿಕಿಗಿ ಬೋರ್ಡಿಗಿ ಹೋಯ್ತಂದ್ರ ಪರೀಕ್ಷಾಕ್ಕ ಕೂಡಸ್ತೀನಿ. ಪಾಸಾದ್ರ ಮಾಸ್ತರಕಿ ಟ್ರೇನಿಂಗಿಗೂ ಕಳಸ್ತೀನಿ. ಹೆಸರೇ ಹೋಗಲಿಲ್ಲಂದ್ರ ಮತ್ತ ನನ್ನ ಕೈಯಾಗ ಏನೂ ಇಲ್ಲ.”

ಉದಗೀರಿನವರೆಂದರೆ ಹೆಂಡತಿ ಸತ್ತ ಕಾಳಿನ ವ್ಯಾಪಾರಿ. ಅವರ ದೊಡ್ಡ ಮಗಳು ಅನುಸೂಯಾಳಿಗಿಂತ ಸ್ವಲ್ಪವೇ ಸಣ್ಣವಳು. ನಾನು, “ಆಕಿ ಹೆಸರು ಹೋಗಲಿಲ್ಲಂದ್ರ ಈ ಸಾಲ್ಯಾಗ ಯಾರ್ದೂ ಹೋಗಂಗಿಲ್ರಿ ಸಾವಕಾರ್ರೆ” ಎಂದೆ. ಅವರು ಖುಷಿಯಾಗಿ ಅಡಿಕೆ ಚೀಲ ಬಿಚ್ಚಿದರು.

೧೧ ಜನವರಿ, ಶನಿವಾರ

ಪೂರ್ವಪರೀಕ್ಷೆಯ ಇಂಗ್ಲಿಷ್ ಪೇಪರು ತೆಗೆದು ಮುಗಿಸಿದೆ. ಇದರಲ್ಲಿ ಪಾಸಾದವರ ಹೆಸರು ಮಾತ್ರ ಬೋರ್ಡಿಗೆ ಹೋಗುತ್ತದೆ.

ಓದಿ ಉತ್ತರ ಬರೆಯುವ ಉತಾರೆಗಾಗಿ, ಅಂದರೆ ಗದ್ಯದ ತುಣುಕಿಗಾಗಿ, ಎಲ್ಲ ಪುಸ್ತಕ ಜಾಲಾಡಿದೆ. ಎಲ್ಲದರಲ್ಲೂ ಸಮುದ್ರ, ಹಡಗು, ದೀಪದ ಗೋಪುರ. ನಮ್ಮ ಹುಡುಗರು ಸಮುದ್ರವನ್ನು ನಕ್ಷೆಯಲ್ಲಿ ಮಾತ್ರ ಕಂಡವರು, ಅದೂ ನೀಲಿ ಶಾಯಿ ಮಾಸಿದ ನಕ್ಷೆ. ಕೊನೆಗೆ ನಾನೇ ಬರೆದೆ: ಒಬ್ಬ ಒಕ್ಕಲಿಗ ತೇರಣಾ ಹೊಳೆ ದಾಟಿಸಲು ಗಾಡಿ ಇಳಿಸುತ್ತಾನೆ, ಒಂದು ಎತ್ತು ಹೆಜ್ಜೆ ಇಡುವುದಿಲ್ಲ, ಒಕ್ಕಲಿಗ ಹೊಡೆಯುತ್ತಾನೆ, ಆಮೇಲೆ ನೋಡಿದರೆ ಮುಂದೆ ಮಡು. ಎತ್ತು ಹಠಮಾರಿಯೋ ಜಾಣನೋ ಎಂಬುದು ಪ್ರಶ್ನೆ. ಹಠಮಾರಿ ಎನ್ನುವುದಕ್ಕೆ ಇಂಗ್ಲಿಷಿನ ದೊಡ್ಡ ಶಬ್ದವೊಂದನ್ನು ಇಟ್ಟಿದ್ದೇನೆ. ಅದರ ಅರ್ಥ ಗೊತ್ತಿಲ್ಲದವನೂ ಕಥೆ ಓದಿದರೆ ಊಹಿಸಬಹುದು. ಬಾಯಿಪಾಠದವನು ಸಿಕ್ಕಿಬೀಳಬೇಕು, ಓದುವವನು ಪಾರಾಗಬೇಕು. ಅದೇ ಪರೀಕ್ಷೆ.

ಪಠ್ಯಪುಸ್ತಕದ ಶಬ್ದಾರ್ಥಕ್ಕೂ ಒಂದಿಷ್ಟು ಅಂಕ ಇಟ್ಟಿದ್ದೇನೆ. ಇಲ್ಲದಿದ್ದರೆ ದಿಗಂಬರನಂಥವರ ಗತಿ ಏನು.

೧೪ ಜನವರಿ, ಮಂಗಳವಾರ

ಸಂಕ್ರಾಂತಿ. ವಿಶ್ವನಾಥಪ್ಪನವರ ಹೆಂಡತಿ ಭಾಗೀರಥಿಬಾಯಿಯವರು ಮಗಳನ್ನು ಕರೆದುಕೊಂಡು ಎಳ್ಳು ಕೊಡಲು ಬಂದಿದ್ದರು. ಅನುಸೂಯಾ ಅಡಿಗೆಮನೆಯಲ್ಲಿ ನನ್ನ ಹೆಂಡತಿಯೊಂದಿಗೆ ಗಳಗಳ ಮಾತಾಡುತ್ತಿದ್ದಳು. ನಾನು ಒಳಗೆ ಹೋದೊಡನೆ ಮೂಕಿ.

ಹೆಡ್‌ಮಾಸ್ತರು ಹೇಳಿ ಕಳಿಸಿದ್ದಾರೆ: ಪರೀಕ್ಷೆಯ ಹೊತ್ತಿಗೇ ಇನ್‌ಸ್ಪೆಕ್ಟರ್ ಸಾಹೇಬರು ಬರುತ್ತಾರಂತೆ. ಅವರ ಷರಾ ನೋಡಿ ನನ್ನ ನೌಕರಿ ಕಾಯಂ ಆಗಬೇಕು. ಬೀದರ ಜಿಲ್ಲೆಯಲ್ಲಿದ್ದ ನಾವು ಮುಂಬಯಿ ರಾಜ್ಯಕ್ಕೆ ಸೇರಿದಂದಿನಿಂದ ನಮ್ಮಂಥ ಉರ್ದು ಜಮಾನಾದ ಮಾಸ್ತರರನ್ನು ಒಬ್ಬೊಬ್ಬರನ್ನೇ ಕೆಳಗಿನ ಶಾಲೆಗಳಿಗೆ ಇಳಿಸುತ್ತಿದ್ದಾರೆ. ಗೆಳೆಯ ಗುರಣ್ಣನನ್ನು ಯೆಣೆಗೂರಿಗೆ ಕಳಿಸಿ ಒಂದನೆಯ ಇಯತ್ತೆ ಕೊಟ್ಟಿದ್ದಾರೆ. ಅವನೀಗ ಮಕ್ಕಳ ಮೂಗು ಒರೆಸುತ್ತಾನೆ. ನನಗೆ ಆ ಗತಿ ಬೇಡ.

೨೧ ಜನವರಿ, ಮಂಗಳವಾರ

ನಡೆದದ್ದನ್ನು ನಡೆದ ಹಾಗೆ ಬರೆದಿಡುತ್ತೇನೆ.

ಬೆಳಿಗ್ಗೆ ಸಾಹೇಬರು ಬಂದರು. ಪುಣೆಯ ಕಡೆಯವರು, ಬಿಳಿ ಕೂದಲು, ಮೃದು ಮಾತು. ನನ್ನ ಪೇಪರು ಓದಿ, ಎತ್ತಿನ ಕಥೆಗೆ ನಕ್ಕರು. ನಾನು ಉಬ್ಬಿಹೋದೆ. ಅನುಸೂಯಾ ಬರೆದ ಹೌದು-ಇಲ್ಲದ ಹಾಳೆಯನ್ನು ಕಪಾಟಿನಿಂದ ತೆಗೆದು, ನಮ್ಮ ಹುಡುಗಿ ಬರೆದದ್ದು ನೋಡಿ ಎಂದು ಅವರ ಮುಂದಿಟ್ಟೆ. ಈ ಭಾಗದಲ್ಲಿ ಇದು ಯಾರಿಗೂ ಬರುವುದಿಲ್ಲ, ನೀವು ಕಲಿಸಿದ್ದೀರಿ ಎಂದರು.

ಪೇಪರು ಶುರುವಾಗಿ ಅರ್ಧ ಆಗಿತ್ತು. ಸಾಹೇಬರು ಹೆಡ್‌ಮಾಸ್ತರರ ಜೊತೆ ವರ್ಗದೊಳಗೆ ಬಂದು ಸಾಲುಗಳ ನಡುವೆ ನಡೆದರು. ಅನುಸೂಯಾಳ ಬೆಂಚು ಮತ್ತು ಅದರ ಹಿಂದಿನ ದಿಗಂಬರನ ಬೆಂಚು, ಎರಡರ ನಡುವೆ ನೆಲದ ಮೇಲೆ ಮಡಿಸಿದ ಕಾಗದ. ಎತ್ತಿದರು. ಗೈಡಿನಿಂದ ಹರಿದ ಅಚ್ಚಿನ ಹಾಳೆ, ತುಂಬ ಶಬ್ದಾರ್ಥ.

ಮೊದಲು ದಿಗಂಬರನನ್ನು ಕೇಳಿದರು, ಇದು ನಿನ್ನದೇ ಎಂದು. ‘ನೋ ಸರ್.’ ನೇರ ಪ್ರಶ್ನೆ, ನೇರ ಉತ್ತರ.

ಆಮೇಲೆ ಅನುಸೂಯಾಳ ಕಡೆ ತಿರುಗಿದರು. ಆಕೆ ಎದ್ದು ನಿಂತು ನಡುಗುತ್ತಿದ್ದಳು. ಅದನ್ನು ನೋಡಿಯೇ ಇರಬೇಕು, ಮುಖ ಸಡಿಲ ಮಾಡಿಕೊಂಡು, ಸ್ವಂತ ಮಗಳನ್ನು ಮಾತಾಡಿಸಿದ ಹಾಗೆ ಕೇಳಿದರು. ‘ಯೂ ಡಿಡ್ ನಾಟ್ ಬ್ರಿಂಗ್ ದಿಸ್?’ ನೀನು ಇದನ್ನು ತಂದಿಲ್ಲ, ಅಲ್ಲವೇ?

ಆಕೆಯ ಮುಖ ಅರಳಿತು. ವರ್ಷವಿಡೀ ಕೇಳದ ದನಿಯಲ್ಲಿ, ಕೊನೆಯ ಬೆಂಚಿನವರಿಗೂ ಕೇಳುವ ಹಾಗೆ, ‘ಯೆಸ್ ಸರ್’ ಎಂದಳು.

ಸಾಹೇಬರು ಬೆಚ್ಚಿದರು. ಇನ್ನೊಮ್ಮೆ, ನಿಧಾನವಾಗಿ ಅದನ್ನೇ ಕೇಳಿದರು. ‘ಯೆಸ್ ಸರ್, ಯೆಸ್ ಸರ್’ ಎಂದು ತಲೆಯಾಡಿಸಿದಳು.

ಹೆಡ್‌ಮಾಸ್ತರು ಆಕೆಯ ಉತ್ತರಪತ್ರಿಕೆ ಎತ್ತಿಕೊಂಡರು. ನಾನು ಬಾಯಿ ತೆರೆದೆ. ಅಷ್ಟರಲ್ಲಿ ಸಾಹೇಬರು ನನ್ನ ಕಡೆ ತಿರುಗಿ, ಆ ಹಾಳೆ ಬರೆದ ಹುಡುಗಿ ಇವಳೇ ಏನು ಎಂದು ಕೇಳಿದರು. ಹೌದೆಂದೆ. ಅವರು ಹೊರಗೆ ನಡೆದರು. ನನ್ನ ಬಾಯಿ ತೆರೆದದ್ದು ಹಾಗೇ ಮುಚ್ಚಿತು.

ವರಾಂಡದಲ್ಲಿ ಆಕೆ ನನ್ನನ್ನು ಹಿಡಿದಳು. ಅಳುತ್ತಿರಲಿಲ್ಲ, ಏನಾಯಿತೆಂದೇ ಗೊತ್ತಾಗಿರಲಿಲ್ಲ. “ಸರ್, ಸಾಹೇಬ್ರು ನನ್ನ ಮಾತು ನಂಬಿದ್ರಲ್ರಿ. ಮತ್ತ ಪೇಪರ್ ಯಾಕ ಕಸಗೊಂಡ್ರು?”

“ಮನಿಗಿ ಹೋಗು ತಂಗಿ. ನಾ ನೋಡ್ತೀನಿ” ಎಂದೆ.

ಬರೆಯುವಾಗ ತಪ್ಪದವಳು ಹೆದರಿದಾಗ ತಪ್ಪಿದಳು. ಹೆದರಿದವರ ಬಾಯಿಗೆ ಮನೆಯ ಮಾತೇ ಬರುತ್ತದೆ. ಆಕೆ ಅಂದದ್ದು ‘ಹೌದ್ರಿ, ತಂದಿಲ್ರಿ’ ಎಂದು. ನನಗೆ ಇದರಲ್ಲಿ ಎಳ್ಳಷ್ಟೂ ಸಂಶಯವಿಲ್ಲ. ಗೈಡು ಮುಟ್ಟಬೇಡ ಎಂದು ನಾನೇ ಹೇಳಿದ್ದೆ, ಆಕೆಯ ಹತ್ತಿರ ಅದು ಇಲ್ಲ. ದಿಗಂಬರನ ಮನೆಯಲ್ಲಿ ಎಲ್ಲ ಗೈಡುಗಳೂ ಇವೆ. ನಾಳೆ ಬೆಳಿಗ್ಗೆ ಮೊದಲ ಕೆಲಸ ಇದು.

೨೨ ಜನವರಿ, ಬುಧವಾರ

ಹೆಡ್‌ಮಾಸ್ತರರಿಗೆ ಎಲ್ಲ ಬಿಡಿಸಿ ಹೇಳಿದೆ. ಅವರು ಪೂರ್ತಿ ಕೇಳಿ, ಅಡಕತ್ತರಿ ಕೆಳಗಿಟ್ಟು ಮರಾಠಿಯಲ್ಲಿ ಹೇಳಿದ್ದಿಷ್ಟು: ಸಾಹೇಬರು ಇಂಗ್ಲಿಷಿನಲ್ಲಿ ಕೇಳಿದ್ದಾರೆ, ಹುಡುಗಿ ಇಂಗ್ಲಿಷಿನಲ್ಲಿ ಒಪ್ಪಿದ್ದಾಳೆ, ಅದೂ ಎರಡು ಸಲ. ಆಕೆಗೆ ಯೆಸ್ಸು ನೋ ಗೊತ್ತಿಲ್ಲ ಎಂದು ನೀವು ಬರೆದುಕೊಡುತ್ತೀರಾ? ಬರೆದುಕೊಡಿ. ಆದರೆ ಅದೇ ಬೆಳಿಗ್ಗೆ ಆಕೆಗೆ ಗೊತ್ತಿದೆ ಎಂದು ಹಾಳೆ ತೋರಿಸಿದವರೂ ನೀವೇ.

ಮರಾಠಿಯಲ್ಲಿ ಕರೆದು ಇನ್ನೊಮ್ಮೆ ಕೇಳೋಣ ಎಂದೆ. ಈಗ ಕೇಳಿದರೆ ಯಾರಾದರೂ ಇಲ್ಲವೆಂದೇ ಹೇಳುತ್ತಾರೆ ಎಂದರು.

ಮನೆಗೆ ಬಂದು ಪ್ರಯಾಗಬಾಯಿಗೆ ಹೇಳಿದೆ. ನನ್ನ ಹೆಂಡತಿ ಯಾವುದನ್ನೂ ಅವಸರದಲ್ಲಿ ಹೇಳುವವಳಲ್ಲ. ರೊಟ್ಟಿ ಬಡಿಯುವುದು ಮುಗಿಸಿ ಹೇಳಿದಳು: “ಹೇಳ್ರಿ, ಬ್ಯಾಡ ಅನ್ನಂಗಿಲ್ಲ. ಕಾಯಂ ಆದ ಹುಕುಂ ಕೈಗಿ ಬರ್ಲಿ. ಆಮ್ಯಾಲ ಹೇಳ್ರಿ.”

“ಆಮ್ಯಾಲ ಹೇಳಿದ್ರ ಆಕಿ ಹೆಸರು ಹೋಗಂಗಿಲ್ಲ.”

“ಹಂಗಂದ್ರ ಈಗ ಹೇಳಿದ್ರ ನಿಮ್ದು ಉಳಿತದೇನ್ರಿ?”

ಇಬ್ಬರೂ ಸರಿಯಾಗಿ ಉಣ್ಣಲಿಲ್ಲ.

೨೩ ಜನವರಿ, ಗುರುವಾರ

ವಿಶ್ವನಾಥಪ್ಪ ಮನೆಗೇ ಬಂದರು. ಚಪ್ಪಲಿ ಬಿಟ್ಟು ಬಾಗಿಲಲ್ಲೇ ಕುಳಿತರು, ಒಳಗೆ ಬನ್ನಿ ಎಂದರೂ ಬರಲಿಲ್ಲ.

“ಮಾಸ್ತರ್ರೆ, ನಾ ಅಂಗಡ್ಯಾಗ ಕುಂತು ಅರಿವಿ ಹರಿಯಾಂವ. ನನಗ ಇಂಗ್ಲೀಷ ತಿಳ್ಯಾಂಗಿಲ್ಲ. ನೀವು ಹೇಳ್ರಿ. ಪೋರಿ ಅದನ್ನ ತಂದಾಳೋ, ಇಲ್ಲೋ?”

“ತಂದಿಲ್ರಿ ಸಾವಕಾರ್ರೆ.”

“ಹಂಗಾದ್ರ ಇಷ್ಟೇ ಮಾತು ಸಾಹೇಬ್ರ ಮುಂದ ಹೇಳ್ರಿ. ನಾ ಹೇಳಿದ್ರ ಅಪ್ಪ ಹೇಳ್ಯಾನ ಅಂತಾರ. ನೀವು ಹೇಳಿದ್ರ ಮಾಸ್ತರು ಹೇಳ್ಯಾರ ಅಂತಾರ.”

ಹೇಳುತ್ತೇನೆ ಎಂದು ಮಾತು ಕೊಟ್ಟೆ. ಸಾಹೇಬರು ಉಮರ್ಗಾದ ಬಂಗಲೆಯಲ್ಲಿ ಮುಕ್ಕಾಂ ಮಾಡಿದ್ದಾರೆ. ಶನಿವಾರ ರಜೆ ಹಾಕಿ ಹೋಗುತ್ತೇನೆ. ಇಂಗ್ಲಿಷಿನಲ್ಲಿ ಏನೇನು ಹೇಳಬೇಕೆಂದು ಒಂದು ಹಾಳೆಯಲ್ಲಿ ಬರೆದುಕೊಂಡೆ. ಚೆನ್ನಾಗಿಯೇ ಬಂದಿದೆ.

೨೫ ಜನವರಿ, ಶನಿವಾರ

ಬಸ್ಸಿನ ಧೂಳು ಇನ್ನೂ ಕಿವಿಯಲ್ಲಿದೆ.

ಉಮರ್ಗಾದ ಬಂಗಲೆಯ ಕಟ್ಟೆಯ ಮೇಲೆ ಮಧ್ಯಾಹ್ನದವರೆಗೆ ಕುಳಿತಿದ್ದೆ. ಸಾಹೇಬರು ತುರೋರಿಯ ಶಾಲೆ ನೋಡಲು ಹೋಗಿದ್ದರು. ಬಂದವರೇ ಗುರುತು ಹಿಡಿದು, ಚಹಾ ಕೊಡಿಸಿ, ಎದುರಿನ ಕುರ್ಚಿಯಲ್ಲಿ ಕೂಡಿಸಿಕೊಂಡರು. ನನ್ನನ್ನು ಕುರ್ಚಿಯಲ್ಲಿ ಕೂಡಿಸಿದ ಮೊದಲ ಇನ್‌ಸ್ಪೆಕ್ಟರು ಇವರು. ಎತ್ತಿನ ಕಥೆಯನ್ನು ತುರೋರಿಯ ಮಾಸ್ತರರಿಗೆ ಹೇಳಿದೆ ಎಂದರು.

ನಾನು ಮಾತು ತೆಗೆದೆ. ಹುಡುಗಿ ಗೊಂದಲದಲ್ಲಿ ಹಾಗೆಂದಳು, ನಮ್ಮ ಭಾಷೆಯಲ್ಲಿ ಹೌದು ಎಂದರೆ ಹೀಗೆ ಎಂದು ಅರ್ಧ ಹೇಳುವಷ್ಟರಲ್ಲಿ ಅವರು ಕೈ ಎತ್ತಿದರು. ಸಿಟ್ಟಿನಿಂದಲ್ಲ. ಬೇಸರವಾದ ಮನುಷ್ಯ ಎತ್ತುವ ಹಾಗೆ.

ನನಗೂ ಆ ಹುಡುಗಿಯ ಮೇಲೆ ಮರುಕವಿದೆ ಮಾಸ್ತರ್, ಎಂದರು. ಬಿಟ್ಟುಬಿಡಲೆಂದೇ ಹಾಗೆ ಕೇಳಿದೆ. ಈಗ ನೀವೇ ಹೇಳಿ. ಆಕೆಗೆ ನಿಯಮ ಗೊತ್ತಿಲ್ಲವೆಂದರೆ ನೀವು ನನಗೆ ತೋರಿಸಿದ ಹಾಳೆ ಏನು? ಗೊತ್ತಿದೆಯೆಂದರೆ ಆಕೆ ಕೊಟ್ಟ ಉತ್ತರ ಏನು? ಎರಡರಲ್ಲಿ ಒಂದನ್ನು ಆರಿಸಿ. ಹಾಗೆಯೇ ಬರೆಯುತ್ತೇನೆ.

ಚಹಾದ ಮೇಲೆ ಕೆನೆ ಕಟ್ಟಿತ್ತು. ಜೇಬಿನಲ್ಲಿದ್ದ ಹಾಳೆಯಲ್ಲಿ ಈ ಪ್ರಶ್ನೆಗೆ ಉತ್ತರ ಇರಲಿಲ್ಲ. ಕೊನೆಗೆ, ಆಕೆಗೆ ನಿಯಮ ಗೊತ್ತಿದೆ ಸರ್, ಎಂದೆ.

ಇದು ಸುಳ್ಳಲ್ಲ. ಆಕೆಗೆ ನಿಯಮ ಗೊತ್ತಿದೆ. ನಾನು ಬೇರೆ ಏನನ್ನೂ ಹೇಳಿಲ್ಲ. ಅದರಿಂದ ಅವರು ಏನು ತಿಳಿದುಕೊಂಡರೋ ಅದು ಅವರ ವಿಚಾರ.

ಬಸ್ಸಿನಲ್ಲಿ ಕಿಟಕಿಗೆ ತಲೆ ಆನಿಸಿ ಕುಳಿತಿದ್ದೆ. ಅಳು ಬಂತು. ಪಕ್ಕದವರು, ಹುಷಾರಿಲ್ಲವೇ ಎಂದು ಕೇಳಿದರು. ಮನೆಗೆ ಬಂದಾಗ ಪ್ರಯಾಗಬಾಯಿ ನನ್ನ ಮುಖ ನೋಡಿ ಬಿಸಿನೀರು ಕಾಯಿಸಿದಳು. ನಾನು ಹೇಳಿಲ್ಲವೆಂದು ಆಕೆಗೆ ತಿಳಿಯಿತು. ಆಕೆಗೆ ನಿರಾಳವಾದದ್ದು ನನಗೂ ತಿಳಿಯಿತು.

೩೦ ಜನವರಿ, ಗುರುವಾರ

ಸಂಸ್ಥೆಯ ಕಮಿಟಿ ಕೂಡಿತ್ತು. ಅಧ್ಯಕ್ಷರು, ಹೆಡ್‌ಮಾಸ್ತರು, ಉಮರ್ಗಾದಿಂದ ಸಾಹೇಬರು. ಪರೀಕ್ಷೆಯಲ್ಲಿ ನಕಲು ಮಾಡಿದ್ದನ್ನು ವಿದ್ಯಾರ್ಥಿನಿ ತಾನೇ ಒಪ್ಪಿಕೊಂಡಿದ್ದಾಳೆ, ಆದ್ದರಿಂದ ಆಕೆಯ ಹೆಸರು ಈ ವರ್ಷ ಕಳಿಸತಕ್ಕದ್ದಲ್ಲ ಎಂದು ಬರೆದಿದ್ದರು. ವರ್ಗದ ಮೇಲ್ವಿಚಾರಕ ಎಂದು ನನ್ನ ಸಹಿಯೂ ಬೇಕಿತ್ತು.

ಸಾಹೇಬರು ನ್ಯಾಯಸ್ಥ ಮನುಷ್ಯ. ಸಹಿಗೆ ಮೊದಲು ನನ್ನನ್ನು ಇಂಗ್ಲಿಷಿನಲ್ಲಿ ಕೇಳಿದರು, ‘ಯೂ ಹ್ಯಾವ್ ನೋ ಡೌಟ್?’ ನಿಮಗೆ ಇದರಲ್ಲಿ ಸಂಶಯವಿಲ್ಲವಷ್ಟೇ?

‘ಯೆಸ್ ಸರ್’ ಎಂದೆ.

ಅವರು ತಲೆಯಾಡಿಸಿ ಪೆನ್ನು ಮುಂದೆ ಮಾಡಿದರು. ಹೆಡ್‌ಮಾಸ್ತರು ಯಾಕೋ ಒಮ್ಮೆ ನನ್ನ ಮುಖ ನೋಡಿ ಅಡಕತ್ತರಿ ಹುಡುಕತೊಡಗಿದರು. ಸಹಿ ಮಾಡಿದೆ.

ಸಿಪಾಯಿ ಧೂಳಪ್ಪ ಎಲ್ಲರಿಗೂ ಚಹಾ ತಂದ. ಅಧ್ಯಕ್ಷರು ನನ್ನ ಬೆನ್ನ ಮೇಲೆ ಕೈಯಿಟ್ಟು ಊರಿನಲ್ಲಿ ಮನೆ ಸಿಕ್ಕಿತೇ, ನೀರಿನ ಅನುಕೂಲವಿದೆಯೇ ಎಂದು ವಿಚಾರಿಸಿದರು. ಇದುವರೆಗೆ ಅವರು ನನ್ನನ್ನು ಮಾತಾಡಿಸಿರಲಿಲ್ಲ.

೨ ಫೆಬ್ರವರಿ, ಭಾನುವಾರ

ಒಂದು ವಿಷಯ ಇಲ್ಲಿಯವರೆಗೆ ಹೊಳೆದಿರಲಿಲ್ಲ. ಬಟ್ಟೆ ಅಂಗಡಿಗೆ ರದ್ದಿ ಕಾಗದ ಬರುತ್ತದೆ, ಸಾಮಾನು ಕಟ್ಟಿಕೊಡಲು. ರದ್ದಿಯಲ್ಲಿ ಹಳೆಯ ಪುಸ್ತಕ ಎಷ್ಟೋ ಇರುತ್ತವೆ. ಅದರಲ್ಲಿ ಗೈಡು ಇರಲಾರದೆಂದು ಹೇಳುವವರು ಯಾರು.

೧೦ ಫೆಬ್ರವರಿ, ಸೋಮವಾರ

ವಿಶ್ವನಾಥಪ್ಪ ಎರಡು ಸಲ ಮನೆಗೆ ಬಂದು ಹೋದರಂತೆ. ಎರಡೂ ಸಲ ನಾನು ಇರಲಿಲ್ಲ. ಇವತ್ತು ಶಾಲೆಯ ಹೊರಗೆ ನಿಂತಿದ್ದರು. ಕಮಿಟಿ ತೀರ್ಮಾನ ಮಾಡಿದೆ, ನನ್ನ ಕೈಯಲ್ಲಿ ಏನೂ ಇಲ್ಲ ಎಂದೆ. ಅವರು ಸಿಟ್ಟು ಮಾಡಲಿಲ್ಲ. “ಪೋರಿ ಉಣಲಿಕ್ಕತ್ತಿಲ್ರಿ ಮಾಸ್ತರ್ರೆ” ಎಂದಷ್ಟೇ ಹೇಳಿದರು. ಅದನ್ನು ನನಗೆ ಯಾಕೆ ಹೇಳಬೇಕು. ಮನೆಯಲ್ಲಿ ಹೆಂಗಸರಿಲ್ಲವೇ, ಸಮಾಧಾನ ಹೇಳಲು.

ಈಚೆಗೆ ನಾನು ಪೇಟೆಯ ಮೇಲೆ ಹೋಗದೆ ಕೋರ್ಟಿನ ಹಿಂದಿನ ದಾರಿ ಹಿಡಿಯುತ್ತೇನೆ. ದೂರವಾದರೂ ಬೇವಿನ ಮರಗಳಿವೆ, ನೆರಳಿದೆ.

೧೩ ಫೆಬ್ರವರಿ, ಗುರುವಾರ

ನಿನ್ನೆ ಪಾಠ ಮಾಡುವಾಗ ಯೋಚಿಸಿದೆ. ಆಕೆ ಸಾಹೇಬರ ಮುಂದೆ ಅಷ್ಟು ಗಟ್ಟಿಯಾಗಿ ಯಾಕೆ ಮಾತಾಡಿದಳು? ವರ್ಷವಿಡೀ ಸೆರಗಿನೊಳಗೆ ಪಿಸುಗುಟ್ಟುವವಳಿಗೆ ಆ ದಿನ ಎಲ್ಲಿಂದ ಬಂತು ದನಿ? ಮನಸ್ಸಿನಲ್ಲಿ ಏನೋ ಭಾರ ಇದ್ದವರು ಒಮ್ಮೆಲೇ ಹೀಗೆ ಹೇಳಿಬಿಡುತ್ತಾರೆ. ಹೇಳಿದ ಮೇಲೆ ಮುಖ ಹಗುರಾಗುತ್ತದೆ. ಆಕೆಯ ಮುಖ ಅರಳಿದ್ದನ್ನು ನಾನೇ ನೋಡಿದ್ದೇನೆ.

ಪ್ರಯಾಗಬಾಯಿಗೆ ಇದನ್ನು ಹೇಳಿದೆ. “ನೀವು ಹೇಳ್ತೀರಂದ್ರ ಇರಬೇಕು” ಎಂದಳು. ಆಕೆಗೂ ಅನ್ನಿಸಿರಬೇಕು.

೨೨ ಫೆಬ್ರವರಿ, ಶನಿವಾರ

ಹೆಸರುಗಳು ಬೋರ್ಡಿಗೆ ಹೋದವು. ದಿಗಂಬರನದೂ ಹೋಯಿತು. ಶಬ್ದಾರ್ಥದಲ್ಲಿ ಸೊನ್ನೆ, ಉತಾರೆಯಲ್ಲಿ ಹೇಗೋ ಮೂರು ಉತ್ತರ. ಎತ್ತು ಹಠಮಾರಿ, ಹೊಡೆದದ್ದು ಸರಿ ಎಂದು ಬರೆದಿದ್ದಾನೆ. ನೋಡುವ ರೀತಿ ಒಂದೊಂದು. ಒಂದಿಷ್ಟು ಅಂಕ ಕೊಟ್ಟು ದಾಟಿಸಿದೆ.

ಇವತ್ತು ಅವನನ್ನು ಎಬ್ಬಿಸಿ, ನೀನು ನಿನ್ನೆ ಬಂದಿರಲಿಲ್ಲವೇ ಎಂದು ಇಂಗ್ಲಿಷಿನಲ್ಲಿ ಕೇಳಿದರೆ ಸರಿಯಾಗಿ ‘ನೋ ಸರ್’ ಎಂದ. ವರ್ಗದಲ್ಲಿ ಈಗ ಒಬ್ಬರೂ ತಪ್ಪುವುದಿಲ್ಲ. ಆ ಪಾಠ ಮಾಡುವಾಗ ಯಾರೂ ನಗುವುದೂ ಇಲ್ಲ. ಶಿಸ್ತು ಬಂದಿದೆ.

ಅನುಸೂಯಾಳ ಬೆಂಚನ್ನು ಧೂಳಪ್ಪ ಆಫೀಸಿಗೆ ಒಯ್ದ. ಜಾಗ ವಿಶಾಲವಾಯಿತು.

೧೨ ಮಾರ್ಚ್, ಬುಧವಾರ

ಮ್ಯಾಟ್ರಿಕ್ ಪರೀಕ್ಷೆ ಶುರು. ಬಿಸಿಲು.

೭ ಏಪ್ರಿಲ್, ಸೋಮವಾರ

ಹುಕುಂ ಬಂತು. ಕಾಯಂ. ಸಾಹೇಬರ ಷರಾದ ಒಂದು ಸಾಲನ್ನು ಹೆಡ್‌ಮಾಸ್ತರು ಓದಿ ಹೇಳಿದರು: ಇಂಗ್ಲಿಷ್ ವ್ಯಾಕರಣವನ್ನು ಈ ಶಿಕ್ಷಕರು ವಿದ್ಯಾರ್ಥಿಗಳಿಗೆ ಚೆನ್ನಾಗಿ ಮನದಟ್ಟು ಮಾಡಿದ್ದಾರೆ. ಸ್ಟಾಫ್‌ರೂಮಿನಲ್ಲಿ ಪೇಢೆ ಹಂಚಿದೆ. ಪ್ರಯಾಗಬಾಯಿ ದೇವರಿಗೆ ದೀಪ ಹಚ್ಚಿ ಅತ್ತಳು. ಎಷ್ಟೋ ದಿನದ ಮೇಲೆ ಹೊಟ್ಟೆ ತುಂಬ ಉಂಡೆ.

ಆಕೆ ಉಣ್ಣುತ್ತ ಮೆಲ್ಲಗೆ, “ಇನ್ನ ಹೇಳ್ತೀರೇನ್ರಿ?” ಎಂದು ಕೇಳಿದಳು.

ಏನನ್ನು ಎಂದು ಕೇಳಿದೆ. ನಿಜವಾಗಿಯೂ ಆ ಕ್ಷಣಕ್ಕೆ ತಿಳಿಯಲಿಲ್ಲ. ಆಮೇಲೆ ತಿಳಿಯಿತು. ಮುಗಿದ ಮಾತು ಯಾಕೆ ಎಂದೆ. ಆಕೆ ತಲೆ ತಗ್ಗಿಸಿ ಉಂಡಳು.

೨೭ ಏಪ್ರಿಲ್, ಭಾನುವಾರ

ಭಾಗೀರಥಿಬಾಯಿಯವರು ಲಗ್ನದ ಅಕ್ಷತೆ ಕೊಡಲು ಬಂದಿದ್ದರು. ಉದಗೀರಿನವರ ಜೊತೆ ಬರುವ ವಾರ ಆಗುತ್ತದಂತೆ, ಉದಗೀರಿನಲ್ಲೇ. ಜೊತೆಗೆ ಅನುಸೂಯಾ. ಮದುಮಗಳು ಹೀಗೆ ಹೊರಗೆ ಬರುವ ರೂಢಿ ಇಲ್ಲ.

“ಏನ್ ಮಾಡ್ಲಿರಿ, ಅರಿಷಿಣ ಹಚ್ಚೂದ್ರೊಳಗ ಒಮ್ಮೆ ಸರ್ ಮನಿಗಿ ಹೋಗಿ ಬರ್ತೀನಿ ಅಂತ ಹಟ ಹಿಡದಾಳ” ಎಂದರು ತಾಯಿ.

ಆಕೆ ತುಂಬ ಸೊರಗಿದ್ದಾಳೆ. ಕೈತುಂಬ ಹಸಿರು ಬಳೆ, ಒಳಗೆ ಕೈಯೇ ಇಲ್ಲದ ಹಾಗೆ. ಅಡಿಗೆಮನೆಗೆ ಹೋಗಲಿಲ್ಲ. ನನ್ನ ಮುಂದೆಯೇ ಕಂಬಕ್ಕೆ ಆತು ನಿಂತಳು.

“ಸರ್, ಒಂದು ಮಾತು ಕೇಳ್ಲೇನ್ರಿ? ಆ ದಿನ ನಾ ಏನ ಅನಬೇಕಾಗಿತ್ತು?”

“ನೋ ಸರ್ ಅನಬೇಕಾಗಿತ್ತು. ಅದು ನಿನಗ ಗೊತ್ತದ.”

“ಬರಿಯೂವಾಗ ಗೊತ್ತಿರ್ತದ್ರಿ. ಅವತ್ತ ಸಾಹೇಬ್ರು ನೀ ತಂದಿಲ್ಲಲ್ಲವಾ ಅಂತ ಚೊಲೋ ಮಾರಿ ಮಾಡಿ ಕೇಳಿದ್ರು. ಅವರು ಖರೇ ಇದ್ದದ್ದೇ ಕೇಳ್ಯಾರ. ಖರೇ ಮಾತಿಗಿ ಇಲ್ಲ ಅಂತ ಹ್ಯಾಂಗ ಅನ್ಲಿರಿ?”

ಪ್ರಯಾಗಬಾಯಿ ಎದ್ದು ಒಳಗೆ ಹೋದಳು. ಪಾತ್ರೆ ಬಿದ್ದ ಸದ್ದಾಯಿತು. ಭಾಷೆಯ ನಿಯಮ ನಾವು ಮಾಡಿದ್ದಲ್ಲ, ನಮಗೆ ಬೇಕಾದ ಹಾಗೆ ಬಗ್ಗುವುದಿಲ್ಲ ಎಂದು ತಿಳಿಸಿ ಹೇಳಿದೆ. ಆಕೆ ಕೇಳಿಸಿಕೊಂಡಳೋ ಇಲ್ಲವೋ.

“ನೀವು ಸಾಹೇಬ್ರಿಗಿ ಹೇಳಿದ್ರೇನ್ರಿ ಸರ್, ನಾ ತಂದಿಲ್ಲಂತ?”

“ಹೇಳೀನಲ್ಲ. ಉಮರ್ಗಾ ತನಕ ಹೋಗಿ ಹೇಳೀನಿ. ಅವರು ಕೇಳಲಿಲ್ಲ, ಏನ್ ಮಾಡ್ಲಿ” ಎಂದೆ.

ಆಕೆಯ ಕಣ್ಣು ತುಂಬಿದವು. ಅಷ್ಟು ದಿನದಲ್ಲಿ ಆಕೆ ಅತ್ತದ್ದನ್ನು ನಾನು ನೋಡಿದ್ದು ಅದೇ ಮೊದಲು. “ಅಪ್ಪ ಸುದ್ದಾ ನನ್ನ ಮ್ಯಾಲ ಸಂಶಯ ಮಾಡಿದ್ರಿ ಸರ್. ನೀವೊಬ್ಬರಾದ್ರೂ ಹೇಳಿದ್ರಲ್ಲ. ಸಾಕ್ರಿ” ಎಂದು ಕಾಲಿಗೆ ಹಣೆ ಹಚ್ಚಿದಳು. ಆಕೆಯ ತಾಯಿಯೂ ಸೆರಗಿನಿಂದ ಕಣ್ಣೊರೆಸಿಕೊಂಡರು. ನೂರು ವರ್ಷ ಬಾಳು ಎಂದು ಹರಸಿದೆ.

ಲಗ್ನಕ್ಕೆ ಹೋಗಬೇಕು. ಹೋಗದಿದ್ದರೆ ಚೆನ್ನಾಗಿರುವುದಿಲ್ಲ, ಮಾವನವರನ್ನು ನೋಡಿದ ಹಾಗೂ ಆಗುತ್ತದೆ. ಆದರೂ ಮನಸ್ಸಿಗೆ ಒಂದು ಬೇಸರ ಉಳಿಯಿತು. ಇಷ್ಟೆಲ್ಲ ಆದ ಮೇಲೆ, ಮಾಸ್ತರರ ಮನೆಯವರೆಗೆ ಬಂದು, ಕಾಲು ಮುಟ್ಟಿ ಅತ್ತರೂ, ತಪ್ಪಾಯಿತು ಎಂಬ ಒಂದು ಮಾತು ಮಾತ್ರ ಆ ಹುಡುಗಿಯ ಬಾಯಿಂದ ಬರಲಿಲ್ಲ.